ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದದಿದ್ದಾಗ: ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು

‘ತಂಬ್ ಹತ್ತವಲ್ದು’ ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳ ಮುಂದೆ ತಿಂಗಳು ತಿಂಗಳೂ ಕೇಳಿಬರುತ್ತದೆ. ಶಹಾಬಾದಿನ ಗಣಿಗಳಲ್ಲಿ ಪರಸಿ ಕಲ್ಲು ಒಡೆಯುವವರು, ಸೇಡಂ ಮತ್ತು ವಾಡಿಯಲ್ಲಿ ಸಿಮೆಂಟ್ ಚೀಲ ಹೊರುವವರು, ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವವರು, ಬೀದರಿನಲ್ಲಿ ಬಿದರಿ ಸಾಮಾನಿಗೆ ಅರ ಉಜ್ಜುವವರು, ಇವರೆಲ್ಲರ ಬೆರಳು ಸವೆಯುವುದು ಸಹಜ. ಆದರೆ ಯಂತ್ರ ತಿರಸ್ಕರಿಸಿದ ಪ್ರತಿ ಸಲವೂ ತಪ್ಪು ಬೆರಳಿನದೇ ಆಗಿರುವುದಿಲ್ಲ. ಬೀಗ ಹಾಕಿದ ಆಧಾರ್, ಅದಲುಬದಲಾದ ಸಂಖ್ಯೆ, ಬಿಸಿಲಿಗೆ ಕಂಗೆಟ್ಟ ಯಂತ್ರ, ಹಳೆಯದಾದ ದಾಖಲೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಕಾರಣ ತಿಳಿಯದೆ ಅದೇ ಹೆಬ್ಬೆರಳನ್ನು ಅದೇ ಯಂತ್ರದ ಮೇಲೆ ಮರುದಿನವೂ ಒತ್ತಿದರೆ ಬರುವುದು ಅದೇ ಉತ್ತರ. ಆದ್ದರಿಂದ ಇಲ್ಲಿ ಹೇಳುವ ಕೆಲಸಗಳನ್ನು ಹೇಳಿದ ಕ್ರಮದಲ್ಲಿಯೇ ಮಾಡಬೇಕು. ಒಂದು ಹಂತದಲ್ಲಿ ಕೆಲಸ ಆಗಿಬಿಟ್ಟರೆ ಮುಂದಿನದಕ್ಕೆ ಹೋಗುವ ಅಗತ್ಯವಿಲ್ಲ.

ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಆಧಾರ್ ಕಾರ್ಡ್, ರೇಷನ್ ಕಾರ್ಡ್, ಆಧಾರಿಗೆ ಜೋಡಿಸಿದ ಮೊಬೈಲ್, ಒಂದು ಚೀಟಿ ಮತ್ತು ಪೆನ್ನು, ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆ. ಮನೆಯಲ್ಲಿ ಸಾಬೂನು ಮತ್ತು ಕೊಬ್ಬರಿ ಎಣ್ಣೆ ಅಥವಾ ಶೇಂಗಾ ಎಣ್ಣೆ ಇದ್ದರೆ ಸಾಕು. ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿಲ್ಲದಿದ್ದರೆ ಕೆಳಗಿನ ಹಲವು ದಾರಿಗಳು ಮುಚ್ಚಿಹೋಗುತ್ತವೆ. ಆ ಕೆಲಸವನ್ನು ಆರನೆಯ ಹಂತದ ಜೊತೆಗೇ ಮುಗಿಸಿಕೊಳ್ಳಬೇಕು.

ಯಂತ್ರ ಏನನ್ನು ಹೋಲಿಸುತ್ತದೆ

ಬೆರಳ ತುದಿಯ ಚರ್ಮದಲ್ಲಿ ಉಬ್ಬುಗೆರೆಗಳಿವೆ. ಅವು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ, ಯಾವ ದಿಕ್ಕಿಗೆ ಹರಿಯುತ್ತವೆ ಎಂಬ ಗುರುತುಗಳನ್ನು ಯಂತ್ರ ಹುಡುಕುತ್ತದೆ. ಈ ಗುರುತುಗಳ ಜೋಡಣೆ ಇಬ್ಬರಲ್ಲಿ ಒಂದೇ ಆಗಿರುವುದಿಲ್ಲ. ಒಬ್ಬನೇ ವ್ಯಕ್ತಿಯ ಎರಡು ಬೆರಳುಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಅಪರಾಧದ ಜಾಗದಲ್ಲಿ ಸಿಕ್ಕ ಗುರುತನ್ನು ಪೊಲೀಸರು ಲಕ್ಷಾಂತರ ದಾಖಲೆಗಳ ನಡುವೆ ಹುಡುಕುತ್ತಾರೆ. ರೇಷನ್ ಅಂಗಡಿಯಲ್ಲಿ ನಡೆಯುವುದು ಅದಲ್ಲ. ಪರದೆಯ ಮೇಲೆ ಆಯ್ದುಕೊಂಡ ಒಂದು ಆಧಾರ್ ಸಂಖ್ಯೆಯ ದಾಖಲೆಯನ್ನು ಮಾತ್ರ ತೆಗೆದು, ಈಗ ಇಟ್ಟ ಬೆರಳು ಆ ದಾಖಲೆಯ ಹತ್ತು ಬೆರಳುಗಳಲ್ಲಿ ಯಾವುದಕ್ಕಾದರೂ ಹೊಂದುತ್ತದೆಯೇ ಎಂದು ನೋಡಲಾಗುತ್ತದೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ: ಹೆಬ್ಬೆರಳೇ ಆಗಬೇಕೆಂಬ ನಿಯಮವಿಲ್ಲ, ಮತ್ತು ಸಂಖ್ಯೆ ತಪ್ಪಾಗಿದ್ದರೆ ಎಷ್ಟೇ ಒಳ್ಳೆಯ ಬೆರಳಿದ್ದರೂ ಹೊಂದುವುದಿಲ್ಲ.

ಹಂತ 1: ಪರದೆಯ ಮೇಲಿನ ಸಂಕೇತವನ್ನು ಬರೆದುಕೊಳ್ಳುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ‘ಬರ್ತಿಲ್ಲ, ನಾಳೆ ಬಾ’ ಎಂದು ಅಂಗಡಿಯವರು ಹೇಳುವಷ್ಟರಲ್ಲಿ ಪರದೆಯ ಮೇಲಿದ್ದ ಸಂಖ್ಯೆ ಅಳಿಸಿಹೋಗಿರುತ್ತದೆ. ಅದನ್ನು ತೋರಿಸಿ ಎಂದು ಕೇಳಿ, ಚೀಟಿಯಲ್ಲಿ ಬರೆದುಕೊಳ್ಳಬೇಕು.

300 ಎಂದಿದ್ದರೆ ಬೆರಳಚ್ಚು ದಾಖಲೆಗೆ ಹೊಂದಲಿಲ್ಲ ಎಂದು ಅರ್ಥ. ಮುಂದಿನ ಹಂತಗಳೆಲ್ಲ ಮುಖ್ಯವಾಗಿ ಇದಕ್ಕಾಗಿಯೇ ಇವೆ. 330 ಎಂದಿದ್ದರೆ ಬೆರಳಚ್ಚು, ಪಾಪೆ, ಮುಖದ ದಾಖಲೆಗಳಿಗೆ, ಅಂದರೆ ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಬಿದ್ದಿದೆ; ಬೆರಳಿನಲ್ಲಿ ಯಾವ ದೋಷವೂ ಇಲ್ಲ, ಎಂಟನೆಯ ಹಂತದಲ್ಲಿ ಹೇಳಿದಂತೆ ಬೀಗ ತೆಗೆದರೆ ಮುಗಿಯಿತು. 811 ಎಂದಿದ್ದರೆ ಆ ಸಂಖ್ಯೆಗೆ ಬೆರಳಚ್ಚಿನ ದಾಖಲೆಯೇ ಇಲ್ಲ. ಐದು ವರ್ಷ ತುಂಬುವ ಮೊದಲು ಆಧಾರ್ ಮಾಡಿಸಿ, ನಂತರ ನವೀಕರಿಸದ ಮಕ್ಕಳಿಗೆ ಇದು ಬರಬಹುದು, ಏಕೆಂದರೆ ಆ ವಯಸ್ಸಿನಲ್ಲಿ ಬೆರಳಚ್ಚು ತೆಗೆದುಕೊಳ್ಳುವುದೇ ಇಲ್ಲ. 310 ಎಂದರೆ ಎರಡು ಬೆರಳು ಕೇಳಿದಾಗ ಒಂದೇ ಬೆರಳನ್ನು ಎರಡು ಸಲ ಇಟ್ಟಿದ್ದೀರಿ. 700 ಎಂದರೆ ನಿಗದಿತ ಸಮಯದೊಳಗೆ ಯಂತ್ರಕ್ಕೆ ಚಿತ್ರ ಸಿಗಲಿಲ್ಲ. 720 ಎಂದರೆ ಯಂತ್ರವೇ ಸಿದ್ಧವಿರಲಿಲ್ಲ. ಈ ಕೊನೆಯ ಎರಡರಲ್ಲಿ ನಿಮ್ಮ ಬೆರಳು ಇನ್ನೂ ಪರೀಕ್ಷೆಗೇ ಒಳಗಾಗಿಲ್ಲ. ವೈರು ಬಿಚ್ಚಿ ಮತ್ತೆ ಹಾಕುವುದು, ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು ಅಂಗಡಿಯವರ ಕೆಲಸ.

300 ಬಂದಾಗಲೂ ಬೆರಳನ್ನು ತೊಳೆಯಲು ಓಡುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಪರದೆಯಲ್ಲಿ ನಿಮ್ಮ ಹೆಸರಿನ ಎದುರು ಕಾಣುವ ಆಧಾರಿನ ಕೊನೆಯ ನಾಲ್ಕು ಅಂಕಿಗಳನ್ನು ನಿಮ್ಮ ಕಾರ್ಡಿನೊಂದಿಗೆ ತಾಳೆ ನೋಡಬೇಕು. ರೇಷನ್ ಕಾರ್ಡಿಗೆ ಆಧಾರ್ ಜೋಡಿಸುವಾಗ ಅತ್ತೆಯ ಸಂಖ್ಯೆ ಸೊಸೆಗೂ ಅಣ್ಣನದು ತಮ್ಮನಿಗೂ ಸೇರಿಬಿಡುವುದುಂಟು. ಬೆರಳ ಗೆರೆಗಳು ಎದ್ದು ಕಾಣುವಂತಿರುವ ಹದಿಹರೆಯದ ಹುಡುಗ ಹುಡುಗಿಯರಿಗೆ ಹತ್ತೂ ಬೆರಳಿನಲ್ಲಿ 300 ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಂಕಿಗಳು ಬೇರೆಯಾಗಿದ್ದರೆ ರೇಷನ್ ಕಾರ್ಡಿನ ತಿದ್ದುಪಡಿಯೇ ಪರಿಹಾರ; ಎಣ್ಣೆ ಸಾಬೂನಿನಿಂದ ಏನೂ ಆಗದು.

ಹಂತ 2: ಹಿಂದಿನ ರಾತ್ರಿಯಿಂದ ಬೆರಳನ್ನು ಸಿದ್ಧಪಡಿಸುವುದು

ಗೆರೆಗಳು ಮೇಲ್ಚರ್ಮದಲ್ಲಿ ಕಂಡರೂ ಅವುಗಳ ಅಚ್ಚು ಇರುವುದು ಒಳಚರ್ಮದಲ್ಲಿ. ಆದ್ದರಿಂದ ಸಿಮೆಂಟು, ಸುಣ್ಣ, ಕಲ್ಲಿನ ಧೂಳಿನಿಂದ ಮೇಲ್ಪದರ ಸವೆದುಹೋದರೂ ಕೆಲಸಕ್ಕೆ ಬಿಡುವು ಸಿಕ್ಕರೆ ಕೆಲವು ವಾರಗಳಲ್ಲಿ ಅದೇ ಗೆರೆಗಳು ಮತ್ತೆ ಮೂಡುತ್ತವೆ. ಆಳವಾದ ಸುಟ್ಟ ಗಾಯ ಅಥವಾ ಕೊಯ್ತದಿಂದಾದ ಕಲೆ ಮಾತ್ರ ಉಳಿದುಬಿಡುತ್ತದೆ. ನಮ್ಮ ಕಡೆ ತೊಗರಿ ಕಟಾವು ಮತ್ತು ಹತ್ತಿ ಬಿಡಿಸುವ ಕೆಲಸ ಬೀಳುವುದು ಚಳಿಗಾಲದ ಒಣ ಹವೆಯಲ್ಲಿ. ಬೆರಳು ಒಡೆಯುವುದೂ ಆಗಲೇ. ಆ ದಿನಗಳಲ್ಲಿ ಹೊಂದದ ಬೆರಳು ಮಳೆಗಾಲದಲ್ಲಿ ಸಲೀಸಾಗಿ ಹೊಂದಿದರೆ ಆಶ್ಚರ್ಯಪಡಬೇಕಾಗಿಲ್ಲ.

ರಾತ್ರಿ ಮಲಗುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಬೆರಳ ತುದಿಗಳಿಗೆ ಎಣ್ಣೆ ತಿಕ್ಕಿ ಬಿಡಬೇಕು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಸಾಬೂನಿನಿಂದ ಎಣ್ಣೆಯ ಜಿಡ್ಡನ್ನು ಪೂರ್ತಿ ತೆಗೆದು, ಬಟ್ಟೆಯಿಂದ ಒರೆಸಬೇಕು. ಸರದಿಯಲ್ಲಿ ನಿಂತಾಗ ಬೆರಳುಗಳನ್ನು ಅಂಗೈಗೆ ಉಜ್ಜಿಕೊಂಡರೆ ಒಣಗಿದ ಚರ್ಮಕ್ಕೆ ತಕ್ಕಷ್ಟು ತೇವ ಬರುತ್ತದೆ. ಬೇಸಿಗೆಯಲ್ಲಿ ಕಷ್ಟ ತಿರುಗುಮುರುಗು: ಬೆವರಿದ ಬೆರಳಿನಲ್ಲಿ ಎರಡು ಗೆರೆಗಳ ನಡುವಿನ ಸಂದು ತುಂಬಿಹೋಗಿ ಚಿತ್ರ ಒಂದೇ ಮಸಿಯಾಗುತ್ತದೆ, ಆಗ ಪ್ರತಿ ಸಲವೂ ಒರೆಸಿಯೇ ಇಡಬೇಕು.

ಇಲ್ಲಿ ನಡೆಯುವ ತಪ್ಪುಗಳು ಕಡಿಮೆಯೇನಲ್ಲ. ಗೆರೆ ‘ಎದ್ದು ಬರಲಿ’ ಎಂದು ಬೆರಳನ್ನು ಕಲ್ಲಿಗೆ ತಿಕ್ಕುವವರಿದ್ದಾರೆ, ಸುಣ್ಣ ಅಥವಾ ಬಟ್ಟೆ ಸೋಡಾ ಹಚ್ಚುವವರಿದ್ದಾರೆ. ಇವೆಲ್ಲ ಉಳಿದಿರುವ ಗೆರೆಯನ್ನೂ ತಿನ್ನುತ್ತವೆ. ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿಕೊಂಡೇ ಬೆರಳನ್ನು ಇಟ್ಟರೆ ಗಾಜು ಜಿಡ್ಡಾಗಿ ನಿಮ್ಮ ಹಿಂದೆ ನಿಂತವರಿಗೂ ತೊಂದರೆಯಾಗುತ್ತದೆ. ಮದುವೆಯ ಮೆಹಂದಿ ದಟ್ಟವಾಗಿ ತುದಿಯವರೆಗೂ ಹಚ್ಚಿದ್ದರೆ ಅದು ಮಾಸುವವರೆಗೆ ತಡೆಯುವುದು ಲೇಸು. ಬೆರಳಲ್ಲಿ ಕೀವು, ತುರಿಕೆ ಅಥವಾ ಪದರು ಪದರಾಗಿ ಸುಲಿಯುವ ಲಕ್ಷಣವಿದ್ದರೆ ಅದು ಅಂಗಡಿಯಲ್ಲಿ ಬಗೆಹರಿಯುವ ವಿಷಯವಲ್ಲ. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಬೇಕು.

ಹಂತ 3: ಬೆರಳನ್ನು ಇಡುವ ರೀತಿ

ಹತ್ತಾರು ವರ್ಷಗಳಿಂದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ರೂಢಿಯಾದವರು ಯಂತ್ರದ ಮೇಲೂ ಹಾಗೆಯೇ ತುದಿಯನ್ನು ಊರಿ, ಬಲವಾಗಿ ಅದುಮಿ, ಹೊರಳಿಸುತ್ತಾರೆ. ಅಂಗಡಿಯಲ್ಲಿ ಗಮನಿಸಿ ನೋಡಿದರೆ 300 ಬರುವುದಕ್ಕೆ ಸವೆದ ಚರ್ಮದಷ್ಟೇ ದೊಡ್ಡ ಕಾರಣ ಇದು ಎಂದು ನನ್ನ ಅಭಿಪ್ರಾಯ.

ಬೆರಳಿನ ಗುರುತು ದಟ್ಟವಾಗಿರುವುದು ಸುಳಿಯ ಸುತ್ತ. ಆ ಸುಳಿ ಇರುವುದು ಬೆರಳ ತುದಿಯಲ್ಲಲ್ಲ, ಉಗುರಿನ ಬುಡಕ್ಕೆ ಸರಿಯಾಗಿ ಕೆಳಬದಿಯಲ್ಲಿರುವ ಮೆತ್ತನೆಯ ಉಬ್ಬಿನಲ್ಲಿ. ಆ ಉಬ್ಬು ಗಾಜಿನ ನಡುಮಧ್ಯಕ್ಕೆ ಬರುವಂತೆ ಬೆರಳನ್ನು ಚಪ್ಪಟೆಯಾಗಿ ಮಲಗಿಸಬೇಕು. ತುದಿ ಮೇಲಕ್ಕೆ ಚಾಚಿ, ಮೊದಲ ಗೆಣ್ಣಿನ ಗೆರೆ ಗಾಜಿನ ಕೆಳ ಅಂಚಿನ ಹತ್ತಿರ ಬಂದರೆ ಸರಿಯಾಗಿ ಕೂತಿದೆ ಎಂದು ತಿಳಿಯಬಹುದು. ಬೆರಳು ಎಡಕ್ಕೋ ಬಲಕ್ಕೋ ವಾಲಬಾರದು, ಒರಗಿಸಿದ ಮೇಲೆ ಜಾರಿಸಬಾರದು.

ಒತ್ತುವ ಬಲವೂ ಮುಖ್ಯ. ಜೋರಾಗಿ ಅದುಮಿದರೆ ಮೆತ್ತನೆಯ ಗೆರೆಗಳು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತೀರ ಹಗುರವಾಗಿ ಮುಟ್ಟಿಸಿದರೆ ಮಧ್ಯದ ಒಂದು ಚುಕ್ಕೆ ಮಾತ್ರ ಸಿಗುತ್ತದೆ. ರೊಟ್ಟಿ ಹಿಟ್ಟು ಹದವಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವಷ್ಟು ಬಲ ಸಾಕು. ವಯಸ್ಸಾದವರ ಕೈ ನಡುಗುತ್ತಿದ್ದರೆ ಮಣಿಕಟ್ಟನ್ನು ಮೇಜಿಗೆ ಆನಿಸಿ ಇಡಬೇಕು. ಪಕ್ಕದವರು ಅವರ ಬೆರಳನ್ನು ಮೇಲಿನಿಂದ ಅದುಮಿ ಹಿಡಿಯುವ ‘ಸಹಾಯ’ ಮಾಡಬಾರದು, ಚಿತ್ರ ಕೆಡುವುದೇ ಅದರಿಂದ. ದೀಪ ಆರುವವರೆಗೆ ಅಥವಾ ಯಂತ್ರ ಸದ್ದು ಮಾಡುವವರೆಗೆ ಬೆರಳನ್ನು ಎತ್ತದಿರುವುದು ಉಳಿದ ಮುಖ್ಯ ನಿಯಮ. ಅವಸರದಲ್ಲಿ ಮೊದಲೇ ಎತ್ತಿದರೆ 700 ಬರುತ್ತದೆ.

ಯಂತ್ರದ ಕಡೆಗೂ ಒಂದು ಕಣ್ಣಿರಲಿ. ಹಿಂದಿನವರ ಬೆರಳಿನ ಜಿಡ್ಡು ಗಾಜಿನ ಮೇಲೆ ಕಾಣುತ್ತಿದ್ದರೆ ನಿಮ್ಮ ಬಟ್ಟೆಯಿಂದ ಒರೆಸಲು ಕೇಳಬಹುದು. ಈ ಯಂತ್ರಗಳಲ್ಲಿ ಹೆಚ್ಚಿನವು ಬೆಳಕಿನ ನೆರವಿನಿಂದ ಚಿತ್ರ ತೆಗೆಯುವಂಥವು. ಅಂಗಡಿಯ ಬಾಗಿಲಿನಿಂದ ನೇರ ಬಿಸಿಲು ಗಾಜಿನ ಮೇಲೆ ಬೀಳುತ್ತಿದ್ದರೆ ಚಿತ್ರ ಬೆಳ್ಳಗಾಗುತ್ತದೆ. ಇನ್ನೊಂದು ಕೈಯಿಂದ ನೆರಳು ಮಾಡಬೇಕು ಅಥವಾ ಯಂತ್ರವನ್ನು ಒಳಗೆ ಸರಿಸಲು ಹೇಳಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಇದು ಸಣ್ಣ ಮಾತಲ್ಲ.

ಹಂತ 4: ಹತ್ತರಲ್ಲಿ ಉತ್ತಮ ಬೆರಳನ್ನು ಹುಡುಕುವುದು

ದುಡಿಯುವ ಕೈಯ ಹೆಬ್ಬೆರಳು ಮತ್ತು ತೋರುಬೆರಳು ಮೊದಲು ಸವೆಯುತ್ತವೆ. ಬಲಗೈಯವರಿಗೆ ಎಡಗೈಯ ಉಂಗುರದ ಬೆರಳು ಅಥವಾ ನಡುಬೆರಳು ಹೊಂದುವ ಸಾಧ್ಯತೆ ಹೆಚ್ಚು. ಕಿರುಬೆರಳನ್ನು ಕೊನೆಗೆ ಇಟ್ಟುಕೊಳ್ಳಬೇಕು, ಅದರ ಅಗಲ ಕಡಿಮೆ. ಒಂದು ಬೆರಳಿಗೆ ಎರಡು ಅವಕಾಶ ಕೊಟ್ಟು ಹೊಂದದಿದ್ದರೆ ಮುಂದಿನದಕ್ಕೆ ಹೋಗಬೇಕು. ಹತ್ತೂ ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸಿ ಯಾವುದು ಉತ್ತಮ ಎಂದು ತಿಳಿಸುವ ‘ಬೆಸ್ಟ್ ಫಿಂಗರ್ ಡಿಟೆಕ್ಷನ್’ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವಾದ ಯುಐಡಿಎಐ ರೂಪಿಸಿದೆ. ಅಂಗಡಿಯ ಯಂತ್ರದಲ್ಲಿ ಅದಿದ್ದರೆ ಬಳಸಲು ಕೇಳಬಹುದು. ಹೊಂದಿದ ಬೆರಳು ಯಾವುದೆಂದು ರೇಷನ್ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ ಮುಂದಿನ ತಿಂಗಳು ಇಡೀ ಸರದಿಯ ಸಮಯ ಉಳಿಯುತ್ತದೆ.

ಹಂತ 5: ಬೆರಳು ಬಿಟ್ಟು ಬೇರೆ ದಾರಿ ಕೇಳುವುದು

ಹತ್ತೂ ಬೆರಳು ಸೋತವು ಎಂದ ಮಾತ್ರಕ್ಕೆ ಬರಿಗೈಯಲ್ಲಿ ಮನೆಗೆ ಬರಬೇಕಾಗಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿರುವ ಮನೆಯ ಯಾವ ಸದಸ್ಯರು ಬೇಕಾದರೂ ಬೆರಳು ಕೊಟ್ಟು ಧಾನ್ಯ ಪಡೆಯಬಹುದು. ಅಜ್ಜಿಯ ಬೆರಳೇ ಬೇಕೆಂದು ಹಟ ಹಿಡಿಯುವ ಕಾರಣವಿಲ್ಲ. ಇ-ಕೆವೈಸಿ, ಅಂದರೆ ಕಾರ್ಡಿನಲ್ಲಿರುವವರ ಗುರುತನ್ನು ಆಧಾರ್ ಮೂಲಕ ಖಚಿತಪಡಿಸುವುದು, ಮಾತ್ರ ಬೇರೆ ಮಾತು, ಅದನ್ನು ಪ್ರತಿ ಸದಸ್ಯರೂ ತಾವೇ ಮಾಡಿಸಬೇಕು. ಯಂತ್ರಕ್ಕೆ ಕಣ್ಣಿನ ಪಾಪೆ ಓದುವ ಸಾಧನ ಜೋಡಿಸಿದ್ದರೆ ಅದು ಬೆರಳಿಗಿಂತ ವಿಶ್ವಾಸಾರ್ಹ, ಏಕೆಂದರೆ ಪಾಪೆ ಕೂಲಿ ಕೆಲಸದಿಂದ ಸವೆಯುವುದಿಲ್ಲ. ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಮತ್ತು ಮುಖ ತೋರಿಸುವ ವಿಧಾನಗಳು ಲಭ್ಯವಿರುವ ಕಡೆ ಅವನ್ನೂ ಕೇಳಬೇಕು. ಪಿಂಚಣಿದಾರರ ಜೀವನ ಪ್ರಮಾಣ ಪತ್ರಕ್ಕೆ 2021ರಿಂದಲೇ ಮೊಬೈಲಿನಲ್ಲಿ ಮುಖ ತೋರಿಸುವ ಅವಕಾಶವಿದೆ. ನಿವೃತ್ತರು ನವೆಂಬರಿನಲ್ಲಿ ಬೆರಳಿನೊಡನೆ ಗುದ್ದಾಡುವ ಅಗತ್ಯವೇ ಇಲ್ಲ.

ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಸುಪ್ರೀಂ ಕೋರ್ಟಿನ ಆಧಾರ್ ತೀರ್ಪು 2018ರ ಸೆಪ್ಟೆಂಬರ್ 26ರಂದು ಬಂದಿದ್ದು, ದೃಢೀಕರಣದ ವೈಫಲ್ಯದಿಂದ ಅರ್ಹರು ಸೌಲಭ್ಯ ಕಳೆದುಕೊಳ್ಳಬಾರದೆಂಬ ಕಾಳಜಿ ಅದರಲ್ಲಿಯೂ ಇದೆ. ಅಂಗಡಿಯವರು ಒಪ್ಪದಿದ್ದರೆ ಪಡಿತರ ಸಹಾಯವಾಣಿ 1967ಕ್ಕೆ ಕರೆ ಮಾಡಬಹುದು. ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ದಿನಾಂಕ, ಅಂಗಡಿ ಸಂಖ್ಯೆ ಮತ್ತು ಮೊದಲ ಹಂತದಲ್ಲಿ ಬರೆದುಕೊಂಡ ಸಂಕೇತವನ್ನು ಸೇರಿಸಿ ಲಿಖಿತ ದೂರು ಕೊಡಬಹುದು. ಬಾಯಿಮಾತಿನ ದೂರಿಗಿಂತ ಸಂಕೇತ ಸಂಖ್ಯೆ ಇರುವ ಒಂದು ಚೀಟಿಗೆ ಬೆಲೆ ಹೆಚ್ಚು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಜಿಲ್ಲೆಯಲ್ಲಿ ಕುಂದುಕೊರತೆ ನಿವಾರಣಾ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇರುತ್ತವೆ.

ಹಂತ 6: ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡುವುದು

ಮೊದಲ ನಾಲ್ಕು ಹಂತಗಳನ್ನು ಸರಿಯಾಗಿ ಮಾಡಿದ ಮೇಲೂ ಬೇರೆ ಬೇರೆ ಎರಡು ಯಂತ್ರಗಳಲ್ಲಿ 300 ಬಂದರೆ ದಾಖಲೆಯೇ ಹಳೆಯದು ಅಥವಾ ಕೆಟ್ಟದ್ದು ಎಂದು ತೀರ್ಮಾನಿಸಬಹುದು. ಆಧಾರ್ ಶುರುವಾದ ವರ್ಷಗಳಲ್ಲಿ ಊರ ಶಾಲೆಯಲ್ಲಿ ಶಿಬಿರ ಹಾಕಿ ಅವಸರದಲ್ಲಿ ತೆಗೆದ ಬೆರಳಚ್ಚುಗಳು ಇಂದಿಗೂ ಹಾಗೆಯೇ ಉಳಿದಿರುವವರು ಬಹಳ ಮಂದಿ. ಎಣ್ಣೆ, ಸಾಬೂನಿನ ಸಿದ್ಧತೆಯನ್ನು ಮಾಡಿಕೊಂಡೇ ಈ ಕೆಲಸಕ್ಕೆ ಹೋಗಬೇಕು. ಸಾಧ್ಯವಾದರೆ ಕಟಾವಿನ ದಿನಗಳನ್ನು ಬಿಟ್ಟು, ಕೈಗೆ ಎರಡು ಮೂರು ವಾರ ಬಿಡುವು ಸಿಕ್ಕ ಮೇಲೆ ಹೋಗಬೇಕು. ಒಡೆದ ಬೆರಳನ್ನು ಹಾಗೆಯೇ ದಾಖಲಿಸಿ ಬಂದರೆ ಮತ್ತೆ ನವೀಕರಿಸುವವರೆಗೆ ಆ ಒಡಕಿನ ಜೊತೆಗೇ ಹೋಲಿಕೆ ನಡೆಯುತ್ತದೆ.

ಬೆರಳಚ್ಚು ಮಾತ್ರ ನವೀಕರಿಸುವುದಾದರೆ ಬೇರೆ ದಾಖಲೆ ಬೇಡ, ಆಧಾರ್ ಸಾಕು. ನಾಡಕಚೇರಿ, ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ನಡೆಯುವ ಆಧಾರ್ ಕೇಂದ್ರಗಳಿಗೆ ಹೋಗಬಹುದು. ಹೊರಡುವ ಮೊದಲು ಹತ್ತಿರದ ಕೇಂದ್ರ ತೆರೆದಿದೆಯೇ ಎಂದು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ವಿಚಾರಿಸುವುದು ಒಳ್ಳೆಯದು. 2025ರ ಅಕ್ಟೋಬರಿನಿಂದ ಬಯೋಮೆಟ್ರಿಕ್ ನವೀಕರಣದ ಶುಲ್ಕ ₹125. ಐದರಿಂದ ಏಳು ಮತ್ತು ಹದಿನೈದರಿಂದ ಹದಿನೇಳು ವಯಸ್ಸಿನ ಮಕ್ಕಳ ಕಡ್ಡಾಯ ನವೀಕರಣಕ್ಕೆ ಶುಲ್ಕವಿಲ್ಲ. ಇದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೇಳಬೇಕು.

ಇಲ್ಲಿ ಮೊದಲು ಒಂದು ಕೈಯ ನಾಲ್ಕು ಬೆರಳು, ನಂತರ ಇನ್ನೊಂದು ಕೈಯ ನಾಲ್ಕು, ಕೊನೆಗೆ ಎರಡು ಹೆಬ್ಬೆರಳು, ಹೀಗೆ ಮೂರು ಸಲ ತೆಗೆಯುತ್ತಾರೆ. ಪ್ರತಿ ಸಲವೂ ಪರದೆಯಲ್ಲಿ ಗುಣಮಟ್ಟ ಕಾಣಿಸುತ್ತದೆ. ಅದು ಕಡಿಮೆ ಬಂದರೆ ಒರೆಸಿಕೊಂಡು ಮತ್ತೊಮ್ಮೆ ತೆಗೆಯಿರಿ ಎಂದು ಸಂಕೋಚವಿಲ್ಲದೆ ಕೇಳಬೇಕು. ನಿಂತುಕೊಂಡು, ಮೊಣಕೈಯನ್ನು ಸಡಿಲ ಬಿಟ್ಟು ಇಟ್ಟರೆ ನಾಲ್ಕು ಬೆರಳೂ ಸಮನಾಗಿ ಕೂಡುತ್ತವೆ. ಕಣ್ಣಿನ ಪಾಪೆಯನ್ನೂ ಅದೇ ಸಲ ಹೊಸದಾಗಿ ಕೊಡಬೇಕು, ಮೊಬೈಲ್ ಸಂಖ್ಯೆಯನ್ನೂ ಆಗಲೇ ಸೇರಿಸಬೇಕು. ಬೆರಳು ಕಳೆದುಕೊಂಡವರಿಗೆ, ಗೆರೆ ಪೂರ್ತಿ ಅಳಿದವರಿಗೆ ‘ಬಯೋಮೆಟ್ರಿಕ್ ವಿನಾಯಿತಿ’ ಎಂಬ ದಾರಿಯಿದೆ. ಬೆರಳಚ್ಚು ಕೊಡಲಾಗದವರು ಪಾಪೆಯೊಂದರಿಂದಲೇ ಆಧಾರ್ ಪಡೆಯಬಹುದೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಆಗುವುದಿಲ್ಲ ಎಂದು ಹಿಂದಕ್ಕೆ ಕಳಿಸಿದರೆ ಇದನ್ನು ಹೇಳಬೇಕು. ಕೊನೆಗೆ ಕೊಡುವ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಟ್ಟು, ನವೀಕರಣವಾಯಿತೆಂಬ ಸಂದೇಶ ಬಂದ ಮೇಲೆಯೇ ಅಂಗಡಿಯಲ್ಲಿ ಮತ್ತೆ ಪ್ರಯತ್ನಿಸಬೇಕು. ಮರುದಿನವೇ ಹೋಗಿ ‘ಹೊಸದು ಮಾಡಿಸಿದರೂ ಬರಲಿಲ್ಲ’ ಎಂದು ಬೇಸರಪಡುವುದು ಸಾಮಾನ್ಯ ತಪ್ಪು.

ಹಂತ 7: ಹಣದ ವ್ಯವಹಾರದಲ್ಲಿ ಎಚ್ಚರಿಕೆಯ ಲಕ್ಷಣಗಳು

ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರ ಬಳಿ ಅದೇ ಬೆರಳು ಹಣವನ್ನೂ ತೆಗೆಯುತ್ತದೆ. ‘ಸರ್ವರ್ ಇಲ್ಲ, ಇನ್ನೊಮ್ಮೆ ಇಡಿ’ ಎಂದು ಮತ್ತೆ ಮತ್ತೆ ಬೆರಳಿಡಿಸಿಕೊಂಡು, ರಸೀದಿ ಕೊಡದೆ ಕಳಿಸುವುದು ಮೊದಲ ಲಕ್ಷಣ. ಪ್ರತಿ ವಿಫಲ ಯತ್ನಕ್ಕೂ ಚೀಟಿ ಕೇಳಬೇಕು, ಬ್ಯಾಂಕಿನ ಸಂದೇಶ ನೋಡಿಯೇ ಎರಡನೆಯ ಸಲ ಬೆರಳಿಡಬೇಕು. ಪರದೆಯಲ್ಲಿ ಮೊತ್ತ ತೋರಿಸದೆ ಬೆರಳು ಕೇಳುವುದು, ಯೋಜನೆಯ ಹೆಸರು ಹೇಳಿಕೊಂಡು ಮನೆ ಬಾಗಿಲಿಗೇ ಯಂತ್ರ ತರುವುದು, ಮೇಣ ಅಥವಾ ಅಂಟಿನ ಮೇಲೆ ಬೆರಳು ಒತ್ತಿಸುವುದು, ಬೆರಳಿನ ಫೋಟೊ ತೆಗೆಯುವುದು, ಇವುಗಳಲ್ಲಿ ಯಾವುದನ್ನೂ ಒಪ್ಪಬಾರದು. ಆಸ್ತಿ ನೋಂದಣಿ ಪತ್ರಗಳಲ್ಲಿರುವ ಬೆರಳಚ್ಚುಗಳ ನಕಲು ಮಾಡಿ ಖಾತೆಯಿಂದ ಹಣ ಕದ್ದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ವರದಿಯಾದವು.

ಖಾತೆಯಿಂದ ಹಣ ಕಡಿತವಾಗಿ ಕೈಗೆ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಅದು ಐದು ದಿನಗಳೊಳಗೆ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಸಲ್ಲಬೇಕು. ನೀವು ತೆಗೆಯದ ಹಣ ಹೋಗಿದ್ದರೆ ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ಬರೆದು ಕೊಡಬೇಕು. ಬೆರಳು ಹೊಂದುತ್ತಿಲ್ಲವೆಂದು ಬ್ಯಾಂಕ್ ಮಿತ್ರರ ಬಳಿ ಅಲೆಯುವುದಕ್ಕಿಂತ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ, ಚೀಟಿ ತುಂಬಿ ಹಣ ತೆಗೆಯುವ ಹಳೆಯ ದಾರಿ ಈಗಲೂ ಇದೆ.

ಹಂತ 8: ಬೀಗ ಹಾಕುವುದು ಮತ್ತು ತೆಗೆಯುವುದು

ಎಂ-ಆಧಾರ್ ಆ್ಯಪ್‌ನಲ್ಲಿ ಅಥವಾ ಯುಐಡಿಎಐ ಜಾಲತಾಣದಲ್ಲಿ ಒಟಿಪಿ ಕೊಟ್ಟು ಬಯೋಮೆಟ್ರಿಕ್‌ಗೆ ಬೀಗ ಹಾಕಬಹುದು. ಬೀಗ ಬಿದ್ದಾಗ ಬೆರಳು, ಪಾಪೆ, ಮುಖ ಮೂರೂ ನಡೆಯುವುದಿಲ್ಲ. ರೇಷನ್ ತರುವ ದಿನ ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷ ಮಾತ್ರ ತೆರೆದಿರುತ್ತದೆ. ಆದ್ದರಿಂದ ಮನೆಯಲ್ಲಿ ತೆಗೆದು ಹೊರಡಬಾರದು. ಸರದಿಯಲ್ಲಿ ನಿಮ್ಮ ಮುಂದೆ ಒಬ್ಬರು ಉಳಿದಾಗ ತೆಗೆಯಬೇಕು. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಮಗ ತನ್ನ ಮೊಬೈಲಿನಿಂದ ತಾಯಿಯ ಆಧಾರಿಗೆ ಬೀಗ ಹಾಕಿ, ಅದನ್ನು ತಾಯಿಗೆ ತಿಳಿಸದಿದ್ದರೆ ಆಕೆಗೆ ಪ್ರತಿ ತಿಂಗಳೂ 330 ಬರುತ್ತದೆ ಮತ್ತು ಅಂಗಡಿಯಲ್ಲಿ ಎಲ್ಲರೂ ಆಕೆಯ ಬೆರಳನ್ನೇ ದೂರುತ್ತಾರೆ. ಎಲ್ಲೆಲ್ಲಿ ಯಾವಾಗ ಬೆರಳು ಬಳಕೆಯಾಗಿದೆ ಎಂಬ ಕಳೆದ ಆರು ತಿಂಗಳ ವಿವರ ಅದೇ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ನಿಮಗೆ ಗೊತ್ತಿಲ್ಲದ ದಿನಾಂಕ ಕಂಡರೆ ಮೊದಲು ಬೀಗ ಹಾಕಿ, ಆಮೇಲೆ 1947ಕ್ಕೆ ಕರೆ ಮಾಡಬೇಕು.